‘ಈ ಟ್ರಿಪ್ ಮುಗಿಯಲಿ, ಆಮೇಲೆ ನೋಡೋಣ’
ದಾರಿಯಲ್ಲಿ ಕೆಟ್ಟು ನಿಲ್ಲುವ ಲಾರಿಗಳ ಬಗ್ಗೆ ಓದುಗರ ಪ್ರಶ್ನೆ, ಗ್ಯಾರೇಜಿನವನ ಉತ್ತರ

ದೊಡ್ಡ ಲಾರಿ ಓಡಿಸುವವರು, ಇಟ್ಟುಕೊಂಡವರು ಪ್ರಶ್ನೆ ಕಳಿಸಿ ಅಂತ ಕಳೆದ ಸಲ ಕೇಳಿದ್ದೆವು. ಪತ್ರಗಳು ಬಂದವು, ಅದಕ್ಕಿಂತ ಜಾಸ್ತಿ ವಾಟ್ಸಾಪ್ ಬಂತು. ಒಬ್ಬರಂತೂ ಮುರಿದ ಸ್ಪ್ರಿಂಗ್ ಪ್ಲೇಟಿನ ಫೋಟೋ ಮಾತ್ರ ಕಳಿಸಿದ್ದಾರೆ, ಒಂದಕ್ಷರ ಬರೆದಿಲ್ಲ. ಅವರ ಸಂಕಟ ಅರ್ಥವಾಯಿತು. ನಾನು ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದು, ಆಮೇಲೆ ಹೈವೇ ಪಕ್ಕ ಗ್ಯಾರೇಜ್ ಹಾಕಿಕೊಂಡವನು. ಓದಿದ್ದು ಕಡಿಮೆ, ಬಿಚ್ಚಿದ್ದು ಜಾಸ್ತಿ. ಹಾಗೆಂದುಕೊಂಡೇ ಓದಿ.

ಪ್ರಶ್ನೆ: ನನ್ನ ಹತ್ತಿರ ಹನ್ನೆರಡು ಚಕ್ರದ ಎರಡು ಗಾಡಿ ಇವೆ. ಈರುಳ್ಳಿ ಸೀಸನ್ನಿನಲ್ಲಿ ಯಶವಂತಪುರ ಮಾರ್ಕೆಟ್ಟಿಗೆ ಹೋಗುತ್ತವೆ, ಉಳಿದ ದಿನ ಸಿಮೆಂಟ್ ಹೊಡೆಯುತ್ತವೆ. ಎರಡೂ ಒಂದೇ ಕಂಪನಿ, ಒಂದೇ ವರ್ಷದ್ದು. ಒಂದು ತೊಂದರೆ ಇಲ್ಲದೆ ಓಡುತ್ತದೆ, ಇನ್ನೊಂದು ತಿಂಗಳಿಗೊಮ್ಮೆ ದಾರಿಯಲ್ಲಿ ನಿಲ್ಲುತ್ತದೆ. ಒಂದು ಸಲ ಫ್ಯಾನ್ ಬೆಲ್ಟ್, ಒಂದು ಸಲ ಬ್ರೇಕಿನ ಏರ್ ಪೈಪ್. ಕಳೆದ ತಿಂಗಳು ಕ್ರಾಸ್ (ಇಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟಿನ ಕೀಲು) ಮುರಿದು ಹಿರಿಯೂರು ಹತ್ತಿರ ಎರಡು ದಿನ ನಿಂತಿತ್ತು, ಮೇಲೆ ಈರುಳ್ಳಿ, ಮಳೆ ಬೇರೆ. ಇದು ಗಾಡಿ ಹಣೆಬರಹವೋ, ಡ್ರೈವರ್ ಹಣೆಬರಹವೋ?
– ಲಾರಿ ಮಾಲೀಕರು, ಚಳ್ಳಕೆರೆ

ಉತ್ತರ: ಸ್ವಾಮಿ, ಬೆಲ್ಟ್, ಏರ್ ಪೈಪ್, ಕ್ರಾಸ್ ಈ ಮೂರೂ ಹೇಳದೆ ಕೇಳದೆ ಹೋಗುವ ಸಾಮಾನುಗಳೇ ಅಲ್ಲ. ಬೆಲ್ಟ್ ಹರಿಯುವುದಕ್ಕೆ ಎಷ್ಟೋ ದಿನ ಮುಂಚೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅನ್ನುತ್ತದೆ, ಒಳಮಗ್ಗುಲು ತಿರುಗಿಸಿ ನೋಡಿದರೆ ಒಣಗಿದ ಕೆರೆ ಮಣ್ಣಿನ ಹಾಗೆ ಬಿರುಕು ಇರುತ್ತದೆ. ಏರ್ ಪೈಪ್ ಚಾಸಿಗೆ ಉಜ್ಜಿ ಉಜ್ಜಿ ಒಂದು ಕಡೆ ಹೊಳೆಯುತ್ತಿರುತ್ತದೆ. ಕ್ರಾಸ್ ಇದೆಯಲ್ಲ, ಅದಂತೂ ಬಾಯಿಬಿಟ್ಟೇ ಹೇಳುತ್ತದೆ. ರಿವರ್ಸ್ ತೆಗೆದು ಮುಂದಿನ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ‘ಟಕ್’ ಅನ್ನುತ್ತದೆ. ಬಗ್ಗಿ ನೋಡಿದರೆ ಅದರ ಬಟ್ಟಲಿನಂಥ ‘ಕಪ್’ ಸುತ್ತ ಕೆಂಪಗೆ, ಕುಂಕುಮದ ಪುಡಿ ಹಾಗೆ ತುಕ್ಕಿನ ಧೂಳು ಕೂತಿರುತ್ತದೆ. ಒಳಗೆ ಗ್ರೀಸ್ ಸತ್ತು ಸೂಜಿ ಬೇರಿಂಗ್ ಒಣಗಿ ಅರೆದುಕೊಳ್ಳುತ್ತಿದೆ ಅಂತ ಅರ್ಥ. ಅವತ್ತೇ ಕ್ರಾಸ್ ಬದಲಾಯಿಸಿದ್ದರೆ ಅರ್ಧ ದಿನದ ಕೆಲಸ. ಬಿಟ್ಟಿರಿ, ಲೋಡಿನಲ್ಲಿ ಮುರಿಯಿತು. ಮುರಿದ ಪ್ರೊಪೆಲ್ಲರ್ ಶಾಫ್ಟ್ ನೆಲಕ್ಕೆ ಬಡಿಯುತ್ತ ಹೋದರೆ ಏರ್ ಟ್ಯಾಂಕ್, ಪೈಪು, ಡೀಸೆಲ್ ಟ್ಯಾಂಕ್ ಏನು ಸಿಕ್ಕರೂ ಹರಿದುಹಾಕುತ್ತದೆ. ನಿಮ್ಮದು ಎರಡು ದಿನಕ್ಕೆ ಮುಗಿದಿದೆ ಅಂದರೆ ಅದೃಷ್ಟವೇ.

ನನ್ನ ಅನುಮಾನ ಏನು ಗೊತ್ತಾ? ಚೆನ್ನಾಗಿ ಓಡುವ ಗಾಡಿಯ ಡ್ರೈವರ್ ಬೆಳಗ್ಗೆ ಒಂದು ಸುತ್ತು ಹಾಕುತ್ತಾನೆ. ಇನ್ನೊಬ್ಬ ಹಾಕುವುದಿಲ್ಲ. ಅಥವಾ ಹಾಕುತ್ತಾನೆ, ನಿಮಗೆ ಫೋನ್ ಮಾಡಿ ಹೇಳುತ್ತಾನೆ, ನೀವು ‘ಈ ಟ್ರಿಪ್ ಮುಗಿಯಲಿ, ಆಮೇಲೆ ನೋಡೋಣ’ ಅನ್ನುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಗ್ಯಾರೇಜಿಗೆ ಎಳೆದುಕೊಂಡು ಬರುವ ಗಾಡಿಗಳಲ್ಲಿ ಜಾಸ್ತಿ ಕೇಳಿಸುವ ಮಾತೇ ಅದು.

ಆ ಸುತ್ತು ಹೇಗಿರಬೇಕು ಹೇಳುತ್ತೇನೆ, ಡ್ರೈವರಿಗೆ ಓದಿ ಹೇಳಿ. ಗಾಡಿ ಸ್ಟಾರ್ಟ್ ಮಾಡುವುದಕ್ಕೆ ಮುಂಚೆ, ರಾತ್ರಿ ನಿಂತಿದ್ದ ಜಾಗದಲ್ಲೇ ಕೆಳಗೆ ಬಗ್ಗಿ ನೆಲ ನೋಡಬೇಕು. ಕರಿ ತೊಟ್ಟು ಇಂಜಿನ್ ಆಯಿಲ್, ಹಸಿರು ಅಥವಾ ಗುಲಾಬಿ ಬಣ್ಣದ್ದು ಕೂಲಂಟ್, ದಪ್ಪಗೆ ಗಬ್ಬು ನಾತ ಹೊಡೆದರೆ ಗೇರ್ ಆಯಿಲ್ ಇಲ್ಲವೇ ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಗೂಡು) ಆಯಿಲ್. ಆಮೇಲೆ ಆಯಿಲ್ ಕಡ್ಡಿ, ಕೂಲಂಟ್ ಡಬ್ಬ, ಬೆಲ್ಟ್. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇದೆಯಲ್ಲ, ಅದನ್ನು ಸಡಿಲ ಮಾಡಿ ಒಂದು ಖಾಲಿ ನೀರಿನ ಬಾಟಲಿಗೆ ಸ್ವಲ್ಪ ಹಿಡಿದು ಬೆಳಕಿಗೆ ಎತ್ತಿ ನೋಡಿದರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಹೊಸ ಗಾಡಿಗಳ ಇಂಜೆಕ್ಟರಿಗೆ ಒಂದೂವರೆ ಸಾವಿರ ಬಾರ್‌ಗಿಂತ ಮೇಲಿನ ಒತ್ತಡದಲ್ಲಿ ಡೀಸೆಲ್ ಹೋಗುತ್ತದೆ, ಅದರ ತೂತು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಅಲ್ಲಿಗೆ ನೀರು ಹೋದರೆ ಏನಾಗುತ್ತದೆ ಅಂತ ಬಿಲ್ ಬಂದಾಗ ಗೊತ್ತಾಗುತ್ತದೆ.

ಈಗ ಸ್ಟಾರ್ಟ್ ಮಾಡಿ ಏರ್ ತುಂಬಿಸಿ, ಇಂಜಿನ್ ಆಫ್ ಮಾಡಿ. ಹಾಡೂ ಆಫ್ ಮಾಡಿ. ಸುಮ್ನೆ ಒಂದು ನಿಮಿಷ ನಿಂತು ಕೇಳಿ. ಏರ್ ಸೋರುತ್ತಿದ್ದರೆ ‘ಸ್ಸ್ಸ್’ ಅಂತ ಕೇಳಿಸುತ್ತದೆ, ಮೀಟರಿನ ಮುಳ್ಳು ಇಳಿಯುವುದೂ ಕಣ್ಣಿಗೆ ಕಾಣುತ್ತದೆ. ಎಲ್ಲಿ ಅಂತ ಗೊತ್ತಾಗದಿದ್ದರೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದ ಕಡೆ ಸೋರಿಕೆ. ಬ್ರೇಕ್ ಒತ್ತಿ ಹಿಡಿದುಕೊಂಡು ಇನ್ನೊಂದು ಸಲ ಕೇಳಿಸಿಕೊಳ್ಳಿ. ಕೆಲವು ಬ್ರೇಕ್ ಚೇಂಬರ್ ಒತ್ತಿದಾಗ ಮಾತ್ರ ಸೋರುತ್ತವೆ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡಿ. ಬರೀ ನೀರು ಬಂದರೆ ಏರ್ ಡ್ರೈಯರಿನ ಫಿಲ್ಟರ್ ಹಳೆಯದಾಗಿದೆ. ಎಣ್ಣೆ ಬೆರೆತು ಬಂದರೆ ಕಂಪ್ರೆಸರ್ ಆಯಿಲ್ ತಳ್ಳುತ್ತಿದೆ, ಅದನ್ನು ತೋರಿಸಿ. ಕೊನೆಗೆ ಚಕ್ರದ ನಟ್‌ಗಳ ಸುತ್ತ ಒಂದು ಕಣ್ಣು ಹಾಕಿ. ನಟ್‌ನಿಂದ ಕೆಂಪು ಗೆರೆ ಇಳಿದಿದ್ದರೆ ಅದು ಸಡಿಲವಾಗಿ ಅಲುಗಾಡುತ್ತಿದೆ. ಸ್ಪ್ರಿಂಗ್ ಕಟ್ಟಿರುವ ಯು ಬೋಲ್ಟ್ ಹತ್ತಿರ ಹೊಸದಾಗಿ ಹೊಳೆಯುವ ಗೆರೆ ಕಂಡರೆ ಅಲ್ಲೂ ಅದೇ ಕಥೆ.

ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಒಂದು ಟೀ, ಒಂದು ಬೀಡಿ ಹೊತ್ತು.

ಇನ್ನೊಂದು ವಿಷಯ, ಇದನ್ನು ಬಹಳ ಜನ ತಿರುಗಾಮುರುಗಾ ಮಾಡುತ್ತಾರೆ. ಗ್ರೀಸ್ ಹೊಡೆಸಿ ಆಮೇಲೆ ವಾಟರ್ ಸರ್ವಿಸ್‌ಗೆ ಬಿಡುತ್ತಾರೆ. ಜೋರಾಗಿ ಬಿಟ್ಟ ನೀರು ಹೊಸ ಗ್ರೀಸನ್ನೇ ಹೊರಗೆ ತಳ್ಳಿ ತಾನು ಒಳಗೆ ಹೋಗಿ ಕೂತುಕೊಳ್ಳುತ್ತದೆ. ಮೊದಲು ನೀರು, ಆಮೇಲೆ ಗ್ರೀಸ್. ಗ್ರೀಸೂ ಅಷ್ಟೆ, ಎರಡು ಸಲ ಒತ್ತಿ ಮುಗಿಸುವುದಲ್ಲ, ಹಳೆಯ ಕರಿ ಗ್ರೀಸ್ ಹೊರಗೆ ಬಂದು ಹೊಸದು ಕಾಣಿಸುವವರೆಗೆ ಹೊಡೆಯಬೇಕು.

ಪ್ರಶ್ನೆ: ನಾನು ಹಾಸನದಿಂದ ಮಂಗಳೂರಿಗೆ ಲೋಡ್ ಹೊಡೆಯುತ್ತೇನೆ. ಶಿರಾಡಿ ಘಾಟಿ ಇಳಿಯುವಾಗ ಅರ್ಧ ದಾರಿಗೇ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಓನರ್ ಕೇಳಿದರೆ ಇಳಿಜಾರಲ್ಲಿ ನ್ಯೂಟ್ರಲ್ ಮಾಡಿಕೋ, ಡೀಸೆಲ್ ಉಳಿಯುತ್ತದೆ ಅನ್ನುತ್ತಾರೆ. ಹೊಸ ಲೈನರ್ ಹಾಕಿಸಿ ನಾಲ್ಕು ತಿಂಗಳೂ ಆಗಿಲ್ಲ.
– ಒಬ್ಬ ಡ್ರೈವರ್, ಹಾಸನ

ಉತ್ತರ: ತಮ್ಮಾ, ಮೊದಲು ಆ ನ್ಯೂಟ್ರಲ್ ಮಾತು ತಲೆಯಿಂದ ತೆಗೆದುಹಾಕು. ನಾನೂ ವಯಸ್ಸಿನಲ್ಲಿ ಆ ಕೆಲಸ ಮಾಡಿದವನೇ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ನ್ಯೂಟ್ರಲ್ ಹಾಕಿಕೊಂಡು ತೇಲಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ತಿರುವಿನಲ್ಲಿ ಪೆಡಲ್ ಪೂರ್ತಿ ತುಳಿದರೂ ಗಾಡಿ ಕೇಳಲಿಲ್ಲ, ಗೇರ್ ಹಾಕೋಣ ಅಂದರೆ ಆ ಸ್ಪೀಡಿಗೆ ಗೇರ್ ಕೂರುವುದಿಲ್ಲ. ಎಡಕ್ಕೆ ಗುಡ್ಡದ ಮಣ್ಣಿಗೆ ಉಜ್ಜಿ ನಿಲ್ಲಿಸಿದೆ. ಬಾಡಿ ಒಂದು ಮಗ್ಗುಲು ಹೋಯಿತು. ಇಳಿದ ಮೇಲೆ ಅರ್ಧ ಗಂಟೆ ನನಗೆ ಬೀಡಿ ಹಚ್ಚಿಕೊಳ್ಳಲು ಆಗಲಿಲ್ಲ, ಕೈ ನಡುಗುತ್ತಿತ್ತು.

ಡೀಸೆಲ್ ಲೆಕ್ಕವೂ ಸುಳ್ಳು, ಓನರಿಗೆ ಹೇಳು. ಈಗಿನ ಎಲೆಕ್ಟ್ರಾನಿಕ್ ಇಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರವೇ ಇಂಜಿನ್ ತಿರುಗಿಸುತ್ತದೆ, ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನೇ ಓಡಬೇಕಲ್ಲ, ಅದಕ್ಕೆ ಡೀಸೆಲ್ ಬೇಕು. ಅಂದರೆ ಉಳಿಸುವುದಕ್ಕೆ ಅಂತ ಮಾಡಿದ್ದು ಖರ್ಚು ಮಾಡಿಸುತ್ತದೆ. ಇನ್ನು ಇಂಜಿನ್ನನ್ನೇ ಆಫ್ ಮಾಡಿ ಇಳಿಸುವ ಪುಣ್ಯಾತ್ಮರೂ ಇದ್ದಾರೆ, ಅವರಿಗೆ ಕಂಪ್ರೆಸರೂ ಇಲ್ಲ, ಪವರ್ ಸ್ಟೇರಿಂಗೂ ಇಲ್ಲ.

ಬ್ರೇಕ್ ಯಾಕೆ ಸಾಯುತ್ತದೆ ಅಂದರೆ, ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದಾಗ ಅದು ಹಿಗ್ಗಿ ಲೈನರಿನಿಂದ ದೂರ ಹೋಗುತ್ತದೆ. ಲೈನರೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೀನು ಮತ್ತೂ ಒತ್ತುತ್ತೀಯ, ಅದು ಮತ್ತೂ ಕಾಯುತ್ತದೆ. ಸಕಲೇಶಪುರ ಬಿಟ್ಟು ಮಾರನಹಳ್ಳಿ ಕಡೆ ಇಳಿಯಲು ಶುರು ಮಾಡುವುದಕ್ಕೆ ಮುಂಚೆಯೇ ಗೇರ್ ಇಳಿಸಿಕೋ. ಲೋಡ್ ಹಾಕಿಕೊಂಡು ಅದೇ ಘಟ್ಟ ಯಾವ ಗೇರಿನಲ್ಲಿ ಹತ್ತುತ್ತೀಯೋ ಆ ಗೇರಿನಲ್ಲೇ ಇಳಿ ಅಂತ ನಮ್ಮ ಗುರು ಹೇಳುತ್ತಿದ್ದರು, ಅದು ಇವತ್ತಿಗೂ ನಿಜ. ಹೊಗೆ ಹೋಗುವ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಸ್ವಿಚ್ ಇರುವುದು ಶೋಕಿಗಲ್ಲ. ಕಾಲು ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡು ಹೋಗಬೇಡ. ಸ್ಪೀಡ್ ಜಾಸ್ತಿ ಆದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸು, ಪೂರ್ತಿ ಬಿಡು, ಡ್ರಮ್ಮಿಗೆ ಗಾಳಿ ಸಿಗಲಿ.

ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸು, ಚಕ್ರಕ್ಕೆ ಮರದ ತುಂಡು ಕೊಡು, ತಣ್ಣಗಾಗಲಿ. ಘಟ್ಟದಲ್ಲಿ ಝರಿ ನೀರು ಹಿಡಿದು ಕಾದ ಡ್ರಮ್ ಮೇಲೆ ಸುರಿಯುವುದನ್ನು ಬಹಳ ಸಲ ನೋಡಿದ್ದೇನೆ. ಹೊಗೆ ಏಳುವುದು ನೋಡಲು ಚಂದ, ಆದರೆ ಡ್ರಮ್ ಸೀಳುತ್ತದೆ. ಆ ಬಿರುಕು ಅವತ್ತು ಕಾಣುವುದಿಲ್ಲ.

ನಿನ್ನ ಲೈನರ್ ನಾಲ್ಕು ತಿಂಗಳಿಗೇ ಮುಗಿಯುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬ್ರೇಕಿನ ಬಿಗಿ ಹೊಂದಿಸುವ ಸ್ಲಾಕ್ ಅಡ್ಜಸ್ಟರ್ ಎಲ್ಲ ಚಕ್ರದಲ್ಲೂ ಒಂದೇ ಸಮ ಇಲ್ಲದಿದ್ದರೆ ನಾಲ್ಕು ಚಕ್ರದ ಕೆಲಸವನ್ನು ಎರಡೇ ಚಕ್ರ ಮಾಡುತ್ತವೆ. ಘಟ್ಟ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದಾಗ ಒಂದೊಂದು ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡು, ಮುಟ್ಟಬೇಡ. ಒಂದು ಕೆಂಡದ ಹಾಗೆ, ಪಕ್ಕದ್ದು ತಣ್ಣಗೆ ಇದ್ದರೆ ಮೆಕ್ಯಾನಿಕ್ಕಿಗೆ ಅದನ್ನೇ ಹೇಳು.

ಪ್ರಶ್ನೆ: ನಮ್ಮದು ಕಬ್ಬು ಸಾಗಿಸುವ ಹತ್ತು ಚಕ್ರದ ಹೊಸ ಗಾಡಿ, ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ್ದು). ಇದಕ್ಕೆ ಯೂರಿಯಾ ಹಾಕಬೇಕಂತೆ. ಮನೆಯಲ್ಲಿ ಗದ್ದೆಗೆ ತಂದ ಯೂರಿಯಾ ಮೂಟೆಗಟ್ಟಲೆ ಇದೆ. ಅದನ್ನೇ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಹಾಕಿದರೆ ಏನು ನಷ್ಟ? ನಮ್ಮ ಭಾವಮೈದ ಆಗಲೇ ಹಾಕಿ ಓಡಿಸುತ್ತಿದ್ದಾನೆ.
– ರೈತರು, ಮದ್ದೂರು

ಉತ್ತರ: ನಿಮ್ಮ ಭಾವಮೈದನ ಗಾಡಿ ಈಗ ಎಲ್ಲಿದೆ ಅಂತ ಒಂದು ಸಲ ಫೋನ್ ಮಾಡಿ ಕೇಳಿ. ನಗುತ್ತಿಲ್ಲ, ನಿಜವಾಗಿಯೂ ಕೇಳಿ.

2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಹೊಗೆಯಲ್ಲಿರುವ ಕೆಟ್ಟ ಅನಿಲವನ್ನು ಕಡಿಮೆ ಮಾಡಲು ಸೈಲೆನ್ಸರಿನ ಪೆಟ್ಟಿಗೆಯೊಳಗೆ ಒಂದು ದ್ರವ ಸಿಂಪಡಿಸುತ್ತಾರೆ. ಡಿಇಎಫ್ ಅಂತ ಅದರ ಹೆಸರು, ಡ್ರೈವರ್‌ಗಳ ಬಾಯಲ್ಲಿ ಯೂರಿಯಾ. ಅದರಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಗದ್ದೆಯ ಯೂರಿಯಾ ಬೇರೆ ಜಾತಿ. 2015ರಿಂದ ನಮ್ಮ ದೇಶದಲ್ಲಿ ರೈತರಿಗೆ ಕೊಡುವ ಯೂರಿಯಾಗೆಲ್ಲ ಬೇವಿನೆಣ್ಣೆ ಸವರಿರುತ್ತಾರೆ, ಮಣ್ಣಿನಲ್ಲಿ ನಿಧಾನ ಕರಗಲಿ, ಬೇರೆ ಕೆಲಸಕ್ಕೆ ಕಳ್ಳತನದಲ್ಲಿ ಹೋಗದಿರಲಿ ಅಂತ. ನೀವು ಎಷ್ಟು ಮಡಿಕೆ ಬಟ್ಟೆಯಲ್ಲಿ ಸೋಸಿದರೂ ಆ ಎಣ್ಣೆ ಹೋಗುವುದಿಲ್ಲ. ಬೋರ್‌ವೆಲ್ ನೀರು ಸೇರಿಸಿದರೆ ಅದರ ಸುಣ್ಣವೂ ಜೊತೆಗೆ. ಮೊದಲು ಸಿಂಪಡಿಸುವ ನಾಸಲ್ ಕಟ್ಟಿಕೊಳ್ಳುತ್ತದೆ, ಆಮೇಲೆ ಪಂಪ್, ಆಮೇಲೆ ಒಳಗಿನ ಜೇನುಗೂಡಿನ ಥರದ ಕ್ಯಾಟಲಿಸ್ಟ್. ಕೊನೆಯದ್ದರ ಬೆಲೆ ಕೇಳಿದರೆ ಒಂದು ವರ್ಷದ ಕಬ್ಬಿನ ಬಿಲ್ಲು ನೆನಪಾಗುತ್ತದೆ. ಅಲ್ಲದೆ ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು. 

ಗಾಡಿಗೆ ಇದು ಗೊತ್ತಾಗುತ್ತದೆ. ಸೆನ್ಸರ್ ಇದೆ. ದ್ರವ ಖಾಲಿಯಾದರೂ, ಕಲಬೆರಕೆ ಆದರೂ ಮೊದಲು ಲೈಟ್ ಹತ್ತುತ್ತದೆ, ಆಮೇಲೆ ಇಂಜಿನ್ ಬೇಕಂತಲೇ ಶಕ್ತಿ ಇಳಿಸುತ್ತದೆ. ಫುಲ್ ಲೋಡ್ ಕಬ್ಬು, ಏರು ದಾರಿ, ಗಾಡಿ ಎತ್ತಿನಗಾಡಿ ಹಾಗೆ ನಡೆಯುತ್ತದೆ. ಸೀಲ್ ಇರುವ ಕ್ಯಾನ್ ತಗೊಳ್ಳಿ, ತಾರೀಖು ನೋಡಿ, ಬಿಸಿಲಿನಲ್ಲಿ ಇಡಬೇಡಿ, ಬಾಯಿ ತೆರೆದ ಕ್ಯಾನಿನಲ್ಲಿ ಧೂಳು ಸೇರಿಸಿ ಹಾಕಬೇಡಿ. ನೀಲಿ ಮುಚ್ಚಳದ ಟ್ಯಾಂಕ್ ಅದರದ್ದು. ಕತ್ತಲಲ್ಲಿ ಕ್ಲೀನರ್ ಹುಡುಗ ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀ ಕೂಡ ತಿರುಗಿಸಬೇಡಿ, ಟ್ಯಾಂಕ್ ಇಳಿಸಿ ತೊಳೆಸಿ.

ನಿಮಗೆ ಕಬ್ಬಿನ ಗಾಡಿ ಅಂತ ಇನ್ನೆರಡು ಮಾತು. ಕಾರ್ಖಾನೆ ಯಾರ್ಡಿನಲ್ಲಿ ಸರದಿ ನಿಲ್ಲುವಾಗ ಗಂಟೆಗಟ್ಟಲೆ ಇಂಜಿನ್ ಓಡುತ್ತಲೇ ಇರುತ್ತದೆ, ಅಲ್ವಾ? ಬಿಎಸ್6 ಗಾಡಿಗೆ ಅದು ವಿಷ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತುಂಬಿಕೊಳ್ಳುತ್ತದೆ, ಅದನ್ನು ಸುಟ್ಟುಕೊಳ್ಳುವಷ್ಟು ಬಿಸಿ ಸೈಲೆನ್ಸರಿಗೆ ಸಿಗುವುದೇ ಇಲ್ಲ. ಇಂಜಿನ್ ಆಫ್ ಮಾಡಿ ನಿಲ್ಲಿ. ಫಿಲ್ಟರ್ ಲೈಟ್ ಬಂದಾಗ ನಿಂತಲ್ಲೇ ಸುಡುವ ಬಟನ್ ಒತ್ತಬೇಕಾಗಿ ಬಂದರೆ, ದಯವಿಟ್ಟು ಒಣ ಸೋಗೆ ಬಿದ್ದಿರುವ ಜಾಗದಲ್ಲಿ ಒತ್ತಬೇಡಿ. ಸೈಲೆನ್ಸರ್ ಒಳಗೆ ಆಗ ಐನೂರು ಡಿಗ್ರಿ ದಾಟಿರುತ್ತದೆ.

ಪ್ರಶ್ನೆ: ಎರಡು ಬ್ಯಾಟರಿಯಲ್ಲಿ ಒಂದು ಮಾತ್ರ ಎಂಟು ತಿಂಗಳಿಗೆ ಸಾಯುತ್ತದೆ. ಯಾವ ಕಂಪನಿ ಹಾಕಿದರೂ ಅಷ್ಟೆ.
– ಡ್ರೈವರ್ ಕಮ್ ಓನರ್, ಚಿಕ್ಕೋಡಿ

ಉತ್ತರ: ಟೇಪ್ ರೆಕಾರ್ಡರಿಗೋ, ಫ್ಯಾನಿಗೋ, ಬಣ್ಣದ ಲೈಟಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದೀರಿ. ಹೌದೋ ಅಲ್ಲವೋ? ಗಾಡಿ 24 ವೋಲ್ಟಿನದ್ದು, ಎರಡು ಬ್ಯಾಟರಿ ಜೋಡಿ ಎತ್ತು ಇದ್ದ ಹಾಗೆ. ಒಂದರಿಂದ ಮಾತ್ರ ಹಾಲು ಕರೆದರೆ... ಎತ್ತಿನಿಂದ ಹಾಲು ಕರೆಯುವುದು ಬೇಡ ಬಿಡಿ, ಒಂದಕ್ಕೆ ಮಾತ್ರ ಹೊರೆ ಹಾಕಿದರೆ ಅಂದುಕೊಳ್ಳಿ. ಅದು ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಎರಡೂ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಹಾಕಿಸಿ. ಬ್ಯಾಟರಿ ಹಾಕುವಾಗ ಜೋಡಿಯನ್ನೇ ಬದಲಾಯಿಸಿ, ಒಂದು ಹೊಸದು ಒಂದು ಹಳೆಯದು ಮಾಡಬೇಡಿ. ಬಾಡಿ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ವೈರ್ ಬಿಚ್ಚಿಸುವುದು ಮರೆಯಬೇಡಿ, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಪೆಟ್ಟಿಗೆ ಸುಟ್ಟುಹೋಗಬಹುದು.

ಪ್ರಶ್ನೆ: ಸಂಡೂರಿನಿಂದ ಅದಿರು ಹೊಡೆಯುತ್ತೇವೆ. ಹಿಂದಿನ ಟೈರ್, ಅದರಲ್ಲೂ ಒಳಗಿನವು, ಬಹಳ ಸಿಡಿಯುತ್ತವೆ. ಬಟನ್ ಹಾಕಿಸಿದ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಕೂರಿಸಿದ) ಟೈರ್ ಆದ್ದರಿಂದ ಹೀಗಾ?
– ಹೊಸಪೇಟೆಯ ಓದುಗರು

ಉತ್ತರ: ಬಟನ್ ಟೈರನ್ನು ಸುಮ್ನೆ ಬೈಯುತ್ತಾರೆ. ಕೆಳಗಿನ ಟೈರ್ ಗಟ್ಟಿಯಿದ್ದು, ಒಳ್ಳೆಯ ಕಡೆ ಬಟನ್ ಹಾಕಿಸಿದ್ದರೆ ಅದು ಹಿಂದಿನ ಆಕ್ಸಲ್ಲಿಗೆ ಚೆನ್ನಾಗಿಯೇ ಓಡುತ್ತದೆ. ಮುಂದಿನ ಚಕ್ರಕ್ಕೆ ಮಾತ್ರ ಬೇಡವೇ ಬೇಡ. ಸಿಡಿಯುವುದು ಗಾಳಿ ಕಡಿಮೆಯಾಗಿ, ಇಲ್ಲವೇ ತೂಕ ಜಾಸ್ತಿಯಾಗಿ. ಜೋಡಿ ಟೈರಿನಲ್ಲಿ ಒಳಗಿನದಕ್ಕೆ ಗಾಳಿ ನೋಡುವವರೇ ಇಲ್ಲ, ಯಾಕೆಂದರೆ ಕೈ ಹಾಕುವುದು ಕಷ್ಟ. ಅದು ಮೆತ್ತಗಾದರೆ ಪಕ್ಕದ ಟೈರ್ ಇಬ್ಬರ ತೂಕ ಹೊರುತ್ತದೆ, ಎರಡೂ ಒಂದಕ್ಕೊಂದು ಉಜ್ಜಿ ಕಾಯುತ್ತವೆ, ಬೆಂಕಿ ಹತ್ತಿದ್ದೂ ಇದೆ. ರಾಡಿನಿಂದ ತಟ್ಟಿ ಸದ್ದು ಕೇಳುವ ಅಭ್ಯಾಸ ಒಳ್ಳೆಯದೇ, ಆದರೆ ಪೂರ್ತಿ ಇಳಿದ ಟೈರನ್ನು ಮಾತ್ರ ಅದು ಹಿಡಿಯುತ್ತದೆ. ಗಾಳಿ ಇಪ್ಪತ್ತು ಪೌಂಡ್ ಕಡಿಮೆ ಇದ್ದದ್ದು ಕಿವಿಗೆ ಗೊತ್ತಾಗುವುದಿಲ್ಲ. ಒಂದು ಗೇಜ್ ಇಟ್ಟುಕೊಳ್ಳಿ, ಒಳಗಿನ ಟೈರಿಗೆ ಉದ್ದ ವಾಲ್ವ್ ಪೈಪ್ ಹಾಕಿಸಿ, ಬೆಳಗ್ಗೆ ತಣ್ಣಗಿದ್ದಾಗ ನೋಡಿ. ಓಡಿ ಬಂದ ಮೇಲೆ ಗಾಳಿ ಜಾಸ್ತಿ ತೋರಿಸುತ್ತದೆ ಅಂತ ಬಿಡಬೇಡಿ, ಬಿಸಿಗೆ ಏರಿದ್ದು ತಣ್ಣಗಾದಾಗ ತಾನೇ ಇಳಿಯುತ್ತದೆ.

ಗಣಿ ದಾರಿಯಲ್ಲಿ ಇನ್ನೊಂದು ಶತ್ರು ಇದೆ. ಎರಡು ಟೈರಿನ ನಡುವೆ ಮುಷ್ಟಿಯಷ್ಟು ಕಲ್ಲು ಸಿಕ್ಕಿಕೊಳ್ಳುತ್ತದೆ. ಒಂದೊಂದು ಸುತ್ತಿಗೂ ಅದು ಎರಡೂ ಟೈರಿನ ಮಗ್ಗುಲನ್ನು ಕಡಿಯುತ್ತದೆ, ಹೈವೇಯಲ್ಲಿ ಹಾರಿದರೆ ಹಿಂದೆ ಬರುವವನ ಗಾಜಿಗೆ. ಲೋಡ್ ತುಂಬಿ ಡಾಂಬರ್ ರಸ್ತೆ ಹತ್ತುವ ಮುಂಚೆ ಇಳಿದು ನೋಡಿ, ಸಬ್ಬಲಿನಿಂದ ಎಬ್ಬಿಸಿ ತೆಗೆಯಿರಿ.

ತೂಕದ ವಿಷಯ ನಿಮಗೇ ಗೊತ್ತು. 2018ರಲ್ಲಿ ಸರ್ಕಾರವೇ ನಾಲ್ಕು ಟೈರಿನ ಒಂದು ಆಕ್ಸಲ್ಲಿಗೆ 10.2 ಟನ್ ಇದ್ದ ಮಿತಿಯನ್ನು 11.5 ಟನ್ನಿಗೆ ಏರಿಸಿತು. ಅದರ ಮೇಲೂ ಹಾಕಿದರೆ ಟೈರ್, ಸ್ಪ್ರಿಂಗ್ ಪ್ಲೇಟ್, ಹೌಸಿಂಗ್ ಯಾವುದು ಮೊದಲು ಹೋಗುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಪ್ರಶ್ನೆ: ಬೇಸಿಗೆಯಲ್ಲಿ ಗಾಡಿ ಹೀಟ್ ಆಗುತ್ತದೆ. ದಿನಾ ರೇಡಿಯೇಟರಿಗೆ ನೀರು ಹಾಕುತ್ತೇನೆ.
– ಕೊಪ್ಪಳ

ಉತ್ತರ: ದಿನಾ ನೀರು ಹಾಕಬೇಕಾಗಿ ಬಂದರೆ ಅದು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ಹುಡುಕಿ. ನಿಮ್ಮ ಕಡೆ ಬೋರ್ ನೀರಿನ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಅದೇ ಇಂಜಿನ್ ಒಳಗೂ ಕೂರುತ್ತದೆ. ಕಂಪನಿ ಹೇಳಿದ ಕೂಲಂಟ್, ಡಿಸ್ಟಿಲ್ಡ್ ವಾಟರ್, ಅಷ್ಟೇ. ರೇಡಿಯೇಟರಿನ ಮುಂದೆ ಧೂಳು, ಹತ್ತಿಯ ಎಳೆ, ಭತ್ತದ ಹೊಟ್ಟು ಮೆತ್ತಿಕೊಂಡಿದ್ದರೆ ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹಿಡಿದು ಊದಿಸಿ. ಹೀಟ್ ಆದಾಗ ಮುಚ್ಚಳ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ.

ಪ್ರಶ್ನೆ: ಅಣ್ಣಾ, ನಮ್ಮ ಯಜಮಾನರು ಹದಿನಾಲ್ಕು ವರ್ಷದಿಂದ ಲಾರಿ ಡ್ರೈವರ್. ಹೋದ ತಿಂಗಳು ಕೊಲ್ಹಾಪುರದ ಹತ್ತಿರ ಚಕ್ರದ ನಡುವಿನ ಹಬ್ ಬೇರಿಂಗ್ ಜಾಮ್ ಆಗಿ ಮೂರು ದಿನ ರಸ್ತೆಯಲ್ಲೇ ಇದ್ದರು. ಚಕ್ರದಲ್ಲಿ ಸದ್ದು ಬರುತ್ತಿದೆ ಅಂತ ಹೊರಡುವ ಮುಂಚೆಯೇ ಎರಡು ಸಲ ಓನರಿಗೆ ಹೇಳಿದ್ದರಂತೆ. ಈಗ ರಿಪೇರಿ ಖರ್ಚನ್ನು ಇವರ ಸಂಬಳದಲ್ಲಿ ಹಿಡಿಯುತ್ತಿದ್ದಾರೆ. ಇವರು ಜಗಳ ಆಡುವವರಲ್ಲ. ಏನು ಮಾಡಬೇಕು?
– ಒಬ್ಬ ಓದುಗ ತಂಗಿ, ಶಿರಾ

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಯಜಮಾನರು ಸರಿಯಾದ ಡ್ರೈವರ್. ಹಬ್ ಬೇರಿಂಗ್ ಹೋಗುವ ಮುಂಚೆ ಗುಂಯ್ ಅಂತ ಗೊಣಗುತ್ತದೆ, ರಿಮ್ಮಿನ ಒಳಮಗ್ಗುಲಲ್ಲಿ ಗ್ರೀಸ್ ಸಿಡಿದು ಕಪ್ಪಾಗಿರುತ್ತದೆ, ಬಿಸಿ ಬರುತ್ತದೆ. ಅದನ್ನು ಕೇಳಿಸಿಕೊಂಡು ಹೇಳಿದ್ದಾರೆ. ಡ್ರೈವರ್ ಮಾಡಬೇಕಾದ ಕೆಲಸ ಅಲ್ಲಿಗೆ ಮುಗಿಯಿತು. ಅದು ಜಾಮ್ ಆಗುವುದಕ್ಕೆ ಮುಂಚೆ ಚಕ್ರವೇ ಕಳಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಬೇಡ.

ಕಾನೂನು ಏನು ಹೇಳುತ್ತದೆ ಅಂದರೆ, ನಷ್ಟ ಆಯಿತು ಅಂತ ಸಂಬಳ ಹಿಡಿಯಬೇಕಾದರೆ ಆ ನಷ್ಟ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು. ಇಲ್ಲಿ ಅಲಕ್ಷ್ಯ ಮಾಡಿದ್ದು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೊದಲು ಊರಿನ ದೊಡ್ಡವರನ್ನೋ, ಲಾರಿ ಚಾಲಕರ ಸಂಘದವರನ್ನೋ ಜೊತೆಗೆ ಕರೆದುಕೊಂಡು ಹೋಗಿ ಮಾತಾಡಿ. ಬಗ್ಗದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಒಂದು ಅರ್ಜಿ ಕೊಡಿ. ಎರಡು ಸಲ ಹೇಳಿದ್ದು ಫೋನಿನಲ್ಲಿ ಅಂದರೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕಾಲ್ ಲಿಸ್ಟ್ ತೆಗೆದಿಟ್ಟುಕೊಳ್ಳಿ.

ಇನ್ನು ಮುಂದೆ ಬಾಯಲ್ಲಿ ಹೇಳಿ ಬಿಡುವುದು ಬೇಡ. ಜಗಳ ಆಡದವರಿಗೆ ವಾಟ್ಸಾಪ್ ಒಳ್ಳೆಯದು. ‘ಓನರೇ, ಎಡಗಡೆ ಹಿಂದಿನ ಹಬ್ ಸದ್ದು ಮಾಡುತ್ತಿದೆ, ಗ್ರೀಸ್ ಸೋರಿದೆ, ನೋಡಿ’ ಅಂತ ಒಂದು ವಾಯ್ಸ್ ಮೆಸೇಜ್, ಒಂದು ಫೋಟೋ. ಮರ್ಯಾದೆಯೂ ಉಳಿಯುತ್ತದೆ, ಸಾಕ್ಷಿಯೂ ಉಳಿಯುತ್ತದೆ. ಬ್ರೇಕಿಗೆ, ಸ್ಟೇರಿಂಗಿಗೆ, ಚಕ್ರಕ್ಕೆ ಸಂಬಂಧಪಟ್ಟದ್ದಾದರೆ ‘ಆಮೇಲೆ ನೋಡೋಣ’ ಅಂದರೂ ಕೀ ಕೊಟ್ಟು ಇಳಿಯಲಿ. ಕೆಲಸ ಇನ್ನೊಂದು ಸಿಗುತ್ತದೆ. ಈಗ ಒಳ್ಳೆಯ ಡ್ರೈವರ್ ಸಿಗದೆ ಗಾಡಿ ನಿಲ್ಲಿಸಿಕೊಂಡು ಕೂತ ಮಾಲೀಕರು ನನಗೇ ಎಷ್ಟೋ ಜನ ಗೊತ್ತು.

ಇದನ್ನು ಓದುತ್ತಿರುವ ಮಾಲೀಕರೇ, ನಿಮ್ಮ ಮೇಲೆ ಕೋಪ ಅಲ್ಲ. ಇಎಂಐ, ಡೀಸೆಲ್, ಟೋಲ್, ಬಾಡಿಗೆ ಸಿಗದ ದಿನಗಳು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸದ್ದು ಬರುತ್ತಿದೆ ಅಂತ ಹೇಳಿದವನಿಗೆ ಬೈದರೆ ಇನ್ನೊಂದು ಸಲ ಅವನು ಹೇಳುವುದಿಲ್ಲ, ಹಾಡು ಸ್ವಲ್ಪ ಜೋರಾಗಿ ಹಾಕಿಕೊಳ್ಳುತ್ತಾನೆ.

ಪ್ರಶ್ನೆ: ರಾತ್ರಿ ಹೈವೇಯಲ್ಲಿ ಗಾಡಿ ಕೆಟ್ಟರೆ ಹಿಂದೆ ಕಲ್ಲು, ಸೊಪ್ಪು ಇಟ್ಟರೆ ಸಾಕಾ?
– ಕ್ಲೀನರ್, ರಾಣೆಬೆನ್ನೂರು

ಉತ್ತರ: ಸಾಲದು ಮಗಾ. ಕತ್ತಲಲ್ಲಿ ಕಲ್ಲಿಗೆ ಬಣ್ಣ ಇರುವುದಿಲ್ಲ. ಆದಷ್ಟು ಎಡಕ್ಕೆ, ರಸ್ತೆ ಬಿಟ್ಟು ಇಳಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ಹೊಳೆಯುವ ಕೆಂಪು ತ್ರಿಕೋನ ಗಾಡಿಯಲ್ಲಿ ಇರಲೇಬೇಕು. ಅದನ್ನು ಬಂಪರಿಗೆ ಒರಗಿಸಬೇಡ, ಹಿಂದೆ ಐವತ್ತು ಅರವತ್ತು ಹೆಜ್ಜೆಯಾದರೂ ನಡೆದುಕೊಂಡು ಹೋಗಿ ಇಡು, ತಿರುವು ಇದ್ದರೆ ತಿರುವಿನ ಆಚೆ. ಹೋಗುವಾಗ ರಸ್ತೆ ಮೇಲೆ ನಡೆಯಬೇಡ, ಅಂಚಿನಲ್ಲಿ ನಡೆ. ರಾಷ್ಟ್ರೀಯ ಹೆದ್ದಾರಿಯಾದರೆ ಸಹಾಯವಾಣಿ 1033ಕ್ಕೆ ಫೋನ್ ಮಾಡು. ಎಷ್ಟೇ ನಿದ್ದೆ ಬಂದರೂ ಗಾಡಿ ಕೆಳಗೆ ಮಲಗಬೇಡ, ನೆರಳು ಚೆನ್ನಾಗಿದೆ ಅಂತ ಹಗಲಿನಲ್ಲೂ ಬೇಡ.

ಕಲ್ಲು ಇಟ್ಟೇ ಇಟ್ಟೆ ಅಂದುಕೋ, ರಿಪೇರಿ ಆಗಿ ಹೊರಡುವಾಗ ತೆಗೆದು ಹೊಂಡಕ್ಕೆ ಹಾಕು. ನಮ್ಮ ಗ್ಯಾರೇಜಿನ ಎದುರೇ ಯಾರೋ ಬಿಟ್ಟುಹೋದ ಕಲ್ಲಿಗೆ ಹಾಲು ಹಾಕುವ ಹುಡುಗನೊಬ್ಬ ಬೈಕಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡ. ಆ ಲಾರಿ ಅಷ್ಟೊತ್ತಿಗೆ ದಾವಣಗೆರೆ ದಾಟಿತ್ತೋ ಏನೋ.

ಪ್ರಶ್ನೆ: ಹೊಸ ಲಾರಿ ತಗೊಂಡಿದ್ದೇವೆ. ಪೂಜೆ ಮಾಡಿಸಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಡುತ್ತೇವೆ. ಬೇರೆ ಏನಾದರೂ ಮಾಡಬೇಕಾ?
– ಸಿಂದಗಿ

ಉತ್ತರ: ನಿಂಬೆಹಣ್ಣು ಇಡಿ, ಕುಂಬಳಕಾಯಿಯನ್ನೂ ಒಡೆಯಿರಿ, ಚೂರು ರಸ್ತೆಯಿಂದ ತೆಗೆಯಿರಿ. ನೂರು ಕಿಲೋಮೀಟರ್ ಹೋದ ಮೇಲೆ ಒಂದು ಟೀ ಅಂಗಡಿ ನೋಡಿ ನಿಲ್ಲಿಸಿ, ಚಕ್ರದ ನಟ್ ಎಲ್ಲಾ ಒಂದು ಸಲ ಟೈಟ್ ಮಾಡಿ.